ಓ ಎಂದ ಮೇಲೆ

ವರ್ಷಕ್ಕೊಮ್ಮೆ ನಮ್ಮ ಲ್ಯಾಬಿನ ಕಂಪ್ಯೂಟರು ಒಂದು ಪಟ್ಟಿ ಕೊಡುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಡಾಕ್ಟರುಗಳು ಒಮ್ಮೆಯೂ ಕೇಳದ ಪರೀಕ್ಷೆಗಳ ಪಟ್ಟಿ. ಅವುಗಳನ್ನು ಉಳಿಸಿಕೊಳ್ಳಬೇಕೋ ಕೈಬಿಡಬೇಕೋ ಎಂದು ಐದು ಜನರ ಸಮಿತಿ ಕೂತು ತೀರ್ಮಾನಿಸುತ್ತದೆ. ಕೂತು ಎಂದರೆ ಅರ್ಧ ಗಂಟೆ, ಅದರಲ್ಲೂ ಚಹಾ ಮತ್ತು ಮಿರ್ಚಿ ಭಜಿಗೆ ಹತ್ತು ನಿಮಿಷ ಹೋಗುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಪರೀಕ್ಷೆಗಳನ್ನು ನಾನೇ ಮುಂದೆ ನಿಂತು ಮಣ್ಣು ಮಾಡಿಸಿದ್ದೇನೆ. ಒಂದಕ್ಕೂ ಕಣ್ಣು ಒದ್ದೆ ಮಾಡಿಕೊಂಡವಳಲ್ಲ.

ನಾನು ಕಸ್ತೂರಿ ಬೆಳವಡಿ, ಹುಬ್ಬಳ್ಳಿಯ ಒಂದು ಆಸ್ಪತ್ರೆಯ ರಕ್ತಪರೀಕ್ಷಾ ಲ್ಯಾಬಿನ ಮುಖ್ಯಸ್ಥೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಲ್ಯಾಬಿನಲ್ಲಿ ಈಗ ಮನುಷ್ಯರು ಆರು ಜನ, ಉಳಿದ ಕೆಲಸವೆಲ್ಲ ಯಂತ್ರಗಳದು. ಅಂಕಿ ಓದುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೈಯಿಂದ ಮಾಡುವ ಪರೀಕ್ಷೆ ಉಳಿದಿದ್ದು ಒಂದೇ ಒಂದು. ಈ ವರ್ಷದ ಪಟ್ಟಿಯ ಕೊನೆಯಲ್ಲಿ ಅದರ ಹೆಸರಿತ್ತು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿದೆ, ನಾವು ಕರೆಯುವುದು ಓ ಪರೀಕ್ಷೆ ಎಂದು.

ನಿಮ್ಮ ಹೆಸರು ಹಿಡಿದು ಯಾರಾದರೂ ಕರೆದರೆ, ನೀವು ಬಾಯಿ ತೆರೆದು 'ಓ' ಎನ್ನುವ ಮೊದಲೇ ಮಿದುಳಿನ ಬುಡದಲ್ಲಿ ಒಂದು ಚಿಕ್ಕ ಪ್ರೋಟೀನು ಒಸರುತ್ತದೆ. ಕರೆದದ್ದು ನನ್ನನ್ನೇ ಎಂದು ತಿಳಿದಾಗ ಮಾತ್ರ ಒಸರುತ್ತದೆ. ಪಕ್ಕದವರ ಹೆಸರು ಕರೆದರೆ ಇಲ್ಲ, ಬಾಗಿಲು ಬಡಿದರೆ ಇಲ್ಲ. ಅದು ಹತ್ತು ನಿಮಿಷದಲ್ಲಿ ರಕ್ತಕ್ಕೆ ಬಂದು, ನಲವತ್ತು ನಿಮಿಷದಲ್ಲಿ ಕರಗಿ ಹೋಗುತ್ತದೆ. ಹಾಗಾಗಿ ಸ್ಯಾಂಪಲ್ಲನ್ನು ಬೇರೆ ಊರಿಗೆ ಕಳಿಸುವಂತಿಲ್ಲ, ಅಲ್ಲಿಯೇ ಆಗಬೇಕು. ತಲೆಗೆ ಪೆಟ್ಟು ಬಿದ್ದು ವರ್ಷಗಟ್ಟಲೆ ಅಲುಗಾಡದೆ ಮಲಗಿದವರಿಗಾಗಿ ಈ ಪರೀಕ್ಷೆ ಬಂತು. ಮೊದಲು ಸ್ವಲ್ಪ ರಕ್ತ ತೆಗೆಯಬೇಕು. ಮೂರು ಸಲ ಹೆಸರು ಕರೆಯಬೇಕು. ಆಮೇಲೆ ಹತ್ತು ನಿಮಿಷ ಯಾರೂ ಪಿಟ್ಟೆನ್ನಬಾರದು. ಮತ್ತೆ ರಕ್ತ ತೆಗೆಯಬೇಕು. ಎರಡರ ನಡುವಿನ ವ್ಯತ್ಯಾಸ ಹದಿನೈದು ದಾಟಿದರೆ ಒಳಗೆ ಮನುಷ್ಯರಿದ್ದಾರೆ ಎಂದರ್ಥ. ಬೇರೆ ಮಾತು ಬೆರೆತರೆ ಅಂಕಿ ಕೆಡುತ್ತದೆ ಎಂದು ಆ ಹತ್ತು ನಿಮಿಷದ ಮೌನದ ನಿಯಮವನ್ನು ಬರೆದವಳು ನಾನೇ.

ಮೊದಲ ವರ್ಷ ಡಾಕ್ಟರುಗಳು ಮುಗಿಬಿದ್ದು ಕೇಳಿದರು. ಆಮೇಲೆ ಕಡಿಮೆಯಾಯಿತು. ಒಳಗೆ ಇದ್ದಾರೆ ಎಂದು ತಿಳಿದ ಮನೆಯವರು 'ಮುಂದೇನು' ಎಂದು ಕೇಳುತ್ತಿದ್ದರು, ಮುಂದಿನದಕ್ಕೆ ನಮ್ಮ ಹತ್ತಿರ ಔಷಧಿ ಇರಲಿಲ್ಲ. ಇಲ್ಲ ಎಂದು ಬಂದರೆ ಆ ಕಾಗದ ಕೈಗೆ ಕೊಡುವುದು ಯಾರಿಗೂ ಬೇಡವಾಗಿತ್ತು. ಯಾವ ಉತ್ತರ ಬಂದರೂ ಕಷ್ಟ ಎಂದಾದಾಗ ಡಾಕ್ಟರುಗಳು ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಹದಿನಾಲ್ಕು ತಿಂಗಳಿಂದ ಒಂದು ಚೀಟಿಯೂ ಬಂದಿರಲಿಲ್ಲ.

ಸಮಿತಿಯ ಅಧ್ಯಕ್ಷರು ನರರೋಗದ ಡಾಕ್ಟರು ಮಹಾಂತೇಶ ಹಂಪಿಹೊಳಿ. ಕೆಟ್ಟ ಮನುಷ್ಯನಲ್ಲ. ಪಟ್ಟಿ ಹಿಡಿದುಕೊಂಡು ಅವರೇ ಲ್ಯಾಬಿಗೆ ಬಂದರು.

"ಮೇಡಂ, ಮುಂದಿನ ಮಂಗಳವಾರ ನಾಕಕ್ಕ ಮೀಟಿಂಗ್. ಓ ಟೆಸ್ಟ್ ಬಗ್ಗೆ ಒಂದ ಪೇಜ್ ನೋಟ್ ಬರದ ಕೊಡ್ರಿ. ರಿಸಲ್ಟ್ ಬಂದ ಮ್ಯಾಲೆ ಮಾಡೂದೇನೂ ಇಲ್ಲಂದ್ರ ಅದು ಟೆಸ್ಟ್ ಅಲ್ಲ, ಬರೇ ಕುತೂಹಲ."

ಅದು ನನ್ನದೇ ಮಾತು. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ನಾನು ಕಲಿಸುವ ಪಾಠ. ಅವರ ಬಾಯಲ್ಲಿ ಕೇಳಿ ನನಗೆ ಹೆಮ್ಮೆಯೇ ಆಯಿತು. ಕೈಬಿಡಬಹುದು ಎಂದು ಬರೆಯುವುದೆಂದು ಅಲ್ಲೇ ನಿರ್ಧರಿಸಿದೆ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ "ರೀ" ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ನನ್ನ ಗಂಡ ಗುರುಪಾದಪ್ಪ ನಿವೃತ್ತ ಭೂಗೋಳದ ಮಾಸ್ತರು, ಅಡುಗೆಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಕೇಳಸ್ಲಿಲ್ಲೇನ್ರಿ?"

"ಕೇಳಿಸ್ತು."

"ಮತ್ತ ಓ ಅನ್ನಾಕ ಏನಾಗಿತ್ತು?"

"ನೀ ಹೆಂಗೂ ಒಳಗ ಬರಾಕತ್ತಿದ್ದೆಲ್ಲ."

ಮೂವತ್ತು ವರ್ಷದ ಸಂಸಾರದಲ್ಲಿ ಇಂಥದಕ್ಕೆ ಸಿಟ್ಟು ಬರುವುದಿಲ್ಲ. ಪಕ್ಕದಲ್ಲಿ ಕೂತು ನಾನೂ ಸೊಪ್ಪು ಬಿಡಿಸುತ್ತ ಪಟ್ಟಿಯ ವಿಷಯ ಹೇಳಿದೆ. ಅವರಿಗೆ ಲ್ಯಾಬಿನ ಗಂಧವಿಲ್ಲ, ಆದರೆ ಮಾಸ್ತರಿಕೆಯ ಚಟ ಹೋಗಿಲ್ಲ.

"ವರ್ಷಾನುಗಟ್ಲೆ ಒಂದೂ ಮಾಡಿಲ್ಲಂದ್ರ, ಆ ಪರೀಕ್ಷಾ ಇನ್ನೂ ಖರೇ ಹೇಳ್ತೈತಿ ಅಂತ ನಿಮಗ ಹೆಂಗ ಗೊತ್ತು?"

"ತಿಂಗಳಿಗೊಮ್ಮೆ ಕಂಟ್ರೋಲ್ ಹಾಕ್ತೀವಲ್ರಿ. ಉತ್ತರ ಮೊದಲ ಗೊತ್ತಿರೋ ಸ್ಯಾಂಪಲ್. ಅದು ಬರೋವಷ್ಟ ಬಂದ್ರ ಪರೀಕ್ಷಾ ಸರಿ ಐತಿ ಅಂತ."

"ಉತ್ತರ ಏನು?"

"ಒಳಗ ಅದಾರ ಅಂತ. ಆದ್ರ ಭಾಳ ಸಣ್ಣಗ. ನಮ್ಮ ನಿಮ್ಮ ರಕ್ತ ನಡಿಯೂದಿಲ್ಲ, ನಾವು ಸಾವಿರಗಟ್ಲೆ ಬರ್ತೀವಿ. ಹದಿನೈದರ ಗೆರಿ ಮ್ಯಾಲೆ ಸ್ವಲ್ಪ ಇರೋದ ಬೇಕು."

"ಅಂಥಾದ್ದು ಯಾರದು?"

"ಕೆ-ಟೂ ಅಂತ. ವಾರ್ಡಿನಿಂದ ಬರ್ತೈತಿ."

"ಕೆ-ಟೂ ಅಂದ್ರ ಯಾರು?" ಎಂದು ಅವರು ತಲೆಯೆತ್ತಿ ಕೇಳಿದರು.

ನಾನು ಚಹಾಕ್ಕೆ ಇಡಲು ಎದ್ದೆ. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ರಕ್ತ ಯಾರೋ ಮನುಷ್ಯರ ಕೈಯಿಂದಲೇ ಬರುತ್ತದೆ ಎಂದು ಗೊತ್ತಿತ್ತು. ಯಾರು ಎಂದು ಏಳು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಅಷ್ಟೇ.

ಮರುದಿನ ನೋಟ್ ಬರೆಯಲು ಕೂತೆ. ನೋಟಿನ ಜೊತೆ ಕಂಟ್ರೋಲ್ ಚಾರ್ಟ್ ಹಚ್ಚಬೇಕು, ಅದು ಪದ್ಧತಿ. ಚಾರ್ಟ್ ಎಂದರೆ ನಡುವೆ ಒಂದು ಗೆರೆ, ಮೇಲೊಂದು ಕೆಳಗೊಂದು ಮಿತಿಯ ಗೆರೆ. ತಿಂಗಳಿಗೊಂದು ಚುಕ್ಕೆ ಇಡುತ್ತೇವೆ. ಎಲ್ಲ ಚುಕ್ಕೆಗಳೂ ನಡುಗೆರೆಯ ಆಸುಪಾಸು ಇದ್ದರೆ ಯಂತ್ರಕ್ಕೆ ಆರೋಗ್ಯ. ಕೆ-೨ರ ಎಂಬತ್ತಮೂರು ಚುಕ್ಕೆಗಳು ಒಳ್ಳೆಯ ಹುಡುಗಿಯರ ಹಾಗೆ ಸಾಲಾಗಿ ನಿಂತಿದ್ದವು. ಎರಡು ಕಡೆ ಮಾತ್ರ ನನ್ನ ಸಹಿ ಇರುವ ಸಣ್ಣ ಷರಾ: 'ಅಂಕಿ ಕುಸಿದಿದೆ. ರಾಸಾಯನಿಕ ಹಳತಾಗಿರಬಹುದು. ಗುಣಕ ಸರಿಪಡಿಸಲಾಗಿದೆ.'

ಇದು ನಮ್ಮ ಕಸುಬಿನ ಧರ್ಮ. ಕಂಟ್ರೋಲ್ ಬದಲಾಗುವುದಿಲ್ಲ, ಬದಲಾಗುವುದು ಯಂತ್ರ. ಅಂಕಿ ಕೆಳಗೆ ಬಂದರೆ ಯಂತ್ರ ಸೋತಿದೆ ಎಂದರ್ಥ. ಆಗ ಬಂದ ಅಂಕಿಯನ್ನು ಸ್ವಲ್ಪ ದೊಡ್ಡ ಸಂಖ್ಯೆಯಿಂದ ಗುಣಿಸಿ ಮತ್ತೆ ನಡುಗೆರೆಗೆ ತರುತ್ತೇವೆ. ಲೋಕದ ಎಲ್ಲ ಲ್ಯಾಬಿನವರೂ ಹೀಗೇ ಮಾಡುತ್ತಾರೆ. ಆದರೆ ಗಂಡ ಕೇಳಿದ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತಲ್ಲ, ಸುಮ್ಮನೆ ನೋಡೋಣವೆಂದು ಗುಣಕ ತೆಗೆದುಹಾಕಿ ಕಚ್ಚಾ ಅಂಕಿಗಳನ್ನು ಬರೆದೆ.

ಮೂರು ಮೆಟ್ಟಿಲು ಕಾಣಿಸಿತು. ಮೊದಲ ಮೂವತ್ತೊಂದು ತಿಂಗಳು ನಲವತ್ತರ ಸುತ್ತ. ಒಂದೇ ಸಲಕ್ಕೆ ಇಪ್ಪತ್ತೆಂಟಕ್ಕೆ ಇಳಿದು ಎರಡೂವರೆ ವರ್ಷ ಅಲ್ಲೇ. ಮತ್ತೆ ಒಂದೇ ಸಲಕ್ಕೆ ಹತ್ತೊಂಬತ್ತು. ರಾಸಾಯನಿಕ ಹಳತಾದರೆ ಅಂಕಿ ನಿಧಾನಕ್ಕೆ ಇಳಿಜಾರಿನ ಹಾಗೆ ಇಳಿಯುತ್ತದೆ, ಮೆಟ್ಟಿಲಾಗುವುದಿಲ್ಲ. ಇದು ಹೊಸಬರಿಗೂ ಗೊತ್ತಿರುವ ಮಾತು. ನಾನು ಎರಡು ಸಲ ಕಣ್ಣು ಮುಚ್ಚಿ ಸಹಿ ಹಾಕಿದ್ದೆ.

ಮೊದಲು ಹೆದರಿದ್ದು ಬೇರೆ ಕಾರಣಕ್ಕೆ. ಗುಣಕ ಬದಲಿಸಿದ ಮೇಲೆ ಮೂವರು ರೋಗಿಗಳ ಪರೀಕ್ಷೆ ಮಾಡಿದ್ದೆವು. ಅವರ ಕಾಗದ ತೆಗೆದು ಲೆಕ್ಕ ಹಾಕಿದೆ. ಮೂವರದ್ದೂ ಎರಡು ಮೂರರ ಮೇಲೆ ಇರಲಿಲ್ಲ, ಎಷ್ಟು ಗುಣಿಸಿದರೂ ಹದಿನೈದು ಮುಟ್ಟುತ್ತಿರಲಿಲ್ಲ. ಉತ್ತರ ತಪ್ಪಾಗಿರಲಿಲ್ಲ. ಆಮೇಲೆ ಕುಸಿತದ ಎರಡು ತಾರೀಕುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮೇಲಿನ ವಾರ್ಡಿಗೆ ಹೋದೆ.

ದೀರ್ಘಕಾಲದ ರೋಗಿಗಳ ವಾರ್ಡು ನಾಲ್ಕನೆಯ ಮಹಡಿಯಲ್ಲಿದೆ. ನಾನು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಆಯಾ ಮಾಬೂಬಿ ನನ್ನ ವಯಸ್ಸಿನವಳೇ, ಕೈಯಲ್ಲಿ ಬಕೆಟ್ ಹಿಡಿದವಳು ನನ್ನನ್ನು ನೋಡಿ ದಾರಿ ತಪ್ಪಿ ಬಂದೆನೇನೋ ಎಂದುಕೊಂಡಳು. ಕೆ-೨ ಎಲ್ಲಿ ಎಂದು ಕೇಳಿದೆ.

"ಹಂಗಂದ್ರ ಯಾರ್ರೀ ಬಾಯಾರ?"

"ತಿಂಗಳ ಮೊದಲನೇ ಮಂಗಳವಾರ ಲ್ಯಾಬಿಗೆ ರಕ್ತ ಕೊಡ್ತಾರಲ್ಲ, ಅವರು."

"ಹಾ, ಸುವರ್ಣವ್ವ. ಬರ್ರಿ."

ಕಿಟಕಿಯ ಪಕ್ಕದ ಹಾಸಿಗೆ. ನಲವತ್ತರ ಹೆಂಗಸು. ಕೂದಲನ್ನು ಎರಡು ಜಡೆ ಹಾಕಿ ಹೆಗಲ ಮೇಲೆ ಬಿಟ್ಟಿದ್ದರು. ಕಣ್ಣು ಅರ್ಧ ತೆರೆದಿತ್ತು, ನೋಟ ಎಲ್ಲಿಯೂ ಇರಲಿಲ್ಲ. ಎಡಗೈಯ ಮೊಣಕೈ ಒಳಮಗ್ಗುಲಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಆ ಗಟ್ಟಿ ಚರ್ಮ ನನ್ನ ಲ್ಯಾಬು ಮಾಡಿದ್ದು.

ಮಾಬೂಬಿ ಹೇಳಿದಳು. ಸುವರ್ಣಾ ಬಾರಕೇರ, ಗದಗಿನವಳು. ಅಕ್ಕ ತಂಗಿ ಸೇರಿ ಅಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ರೊಟ್ಟಿ ಕೊಟ್ಟು ಬರುವಾಗ ಟಂಟಂ ರಿಕ್ಷಾ ಉರುಳಿ ಇವಳ ತಲೆಗೆ ಪೆಟ್ಟಾಯಿತು. ಆಸ್ಪತ್ರೆಯವರು ಮನೆಗೆ ಒಯ್ಯಿರಿ ಎಂದಾಗ ಲ್ಯಾಬಿನವರು ಅಡ್ಡ ಬಂದರಂತೆ. ತಿಂಗಳಿಗೊಮ್ಮೆ ರಕ್ತ ಕೊಟ್ಟರೆ ಹಾಸಿಗೆ ಖಾಯಂ. ತಾಯಿ ಹೆಬ್ಬೆಟ್ಟು ಒತ್ತಿದಳು. ಯಾಕೆ ರಕ್ತ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ಹೆಸರು ಯಾರು ಕರೀತಿದ್ರು?" ಎಂದೆ.

"ಮೊದಲ ಅವರವ್ವನ ಕರೀತಿದ್ಲು. ಸುವ್ವೀ, ಸುವ್ವೀ ಅಂತ. ಕರದ ಮ್ಯಾಲೆ ಮಾತಾಡಬ್ಯಾಡ ಅಂತಿದ್ರು ಲ್ಯಾಬಿನ ಹುಡುಗ್ರು. ಆ ಮುದುಕಿ ಸೆರಗ ಬಾಯಾಗ ತುರುಕ್ಕೊಂಡ ಕೂಡ್ತಿತ್ತು ಹತ್ತ ನಿಮಿಷ. ಅಕಿ ಕೇಳ್ತಾಳ, ಅಕಿಗೆ ಗೊತ್ತಾಗ್ತೈತಿ ಅಂತ ಎಲ್ಲಾರ ಮುಂದ ಹೇಳ್ತಿತ್ತು. ನಾವೂ ಹೌದ್ಹೌದವಾ ಅಂತಿದ್ವಿ. ತಾಯಿ ಕರುಳು, ಏನ ಮಾಡೂದು."

"ಆಕಿ ತೀರಿಕೊಂಡ್ಲೇನು?"

"ನಾಕ ವರ್ಷಾತು. ಆಮ್ಯಾಲೆ ನಾನ ಕರೀತಿದ್ದೆ."

ತಾಯಿ ತೀರಿದ ತಿಂಗಳನ್ನು ಕೇಳಿದೆ. ನನ್ನ ಚೀಟಿಯ ಮೊದಲ ತಾರೀಕು ಅದೇ. ಎರಡನೆಯದನ್ನು ಕೇಳುವ ಮೊದಲೇ ಮಾಬೂಬಿ ಗೋಡೆಗೆ ಹಚ್ಚಿದ ಚಿಕ್ಕ ಡಬ್ಬಿ ತೋರಿಸಿದಳು. ರಕ್ತ ತೆಗೆಯುವ ಹೊತ್ತಿಗೆ ಅವಳಿಗೆ ಕೆಳಗಿನ ವಾರ್ಡಿನ ಕೆಲಸ ಹಚ್ಚಿದ ಮೇಲೆ, ನನ್ನ ಎರಡನೆಯ ತಾರೀಕಿನ ತಿಂಗಳೇ, ಅದನ್ನು ತಂದು ಕೂರಿಸಿದ್ದರು. ಗುಂಡಿ ಒತ್ತಿದಳು. ಯಾವುದೋ ಗಂಡಸಿನ ಧ್ವನಿ ಹಾಜರಿ ಕರೆದಂತೆ ಹೇಳಿತು: "ಸುವರ್ಣಾ ಬಾರಕೇರ. ಸುವರ್ಣಾ ಬಾರಕೇರ. ಸುವರ್ಣಾ ಬಾರಕೇರ." ಆಮೇಲೆ ಮೌನ.

ಹತ್ತೊಂಬತ್ತು. ಆ ಡಬ್ಬಿಗೂ ಇವಳು ಹತ್ತೊಂಬತ್ತರಷ್ಟು ಓಗೊಟ್ಟಿದ್ದಳು. ಅವಳ ದನಿ ಸಣ್ಣಗಾದಾಗಲೆಲ್ಲ ನಾನು ಗುಣಿಸಿ ದೊಡ್ಡದು ಮಾಡಿ, ಎಲ್ಲವೂ ಸರಿ ಇದೆ ಎಂದು ಸಹಿ ಹಾಕಿದ್ದೆ.

ಕೆಳಗೆ ಬಂದು ಅವಳ ಫೈಲು ತರಿಸಿದೆ. ಏಳು ವರ್ಷದ ಜ್ವರ, ಸಕ್ಕರೆ, ಉಪ್ಪು ಎಲ್ಲ ಇತ್ತು. ಓ ಪರೀಕ್ಷೆಯ ಫಲಿತಾಂಶ ಇರಲಿಲ್ಲ. ಯಾವ ಡಾಕ್ಟರೂ ಅವಳಿಗಾಗಿ ಆ ಪರೀಕ್ಷೆ ಕೇಳಿರಲಿಲ್ಲ. ಪರೀಕ್ಷೆ ಶುರುವಾದಾಗ ಕಂಟ್ರೋಲಿಗೆಂದು ವಾರ್ಡಿನವರನ್ನೆಲ್ಲ ಅಳೆದು ನಮ್ಮ ಹುಡುಗರು ಅವಳನ್ನು ಆರಿಸಿದ್ದು ಲ್ಯಾಬಿನ ಲೆಕ್ಕದಲ್ಲೇ ಉಳಿದಿತ್ತು. ಕಂಟ್ರೋಲಿನ ಅಂಕಿ ಯಂತ್ರದ ಬಗ್ಗೆ ಹೇಳುತ್ತದೆ, ರೋಗಿಯ ಬಗ್ಗೆ ಅಲ್ಲ, ಅದನ್ನು ಫೈಲಿಗೆ ಹಾಕುವಂತಿಲ್ಲ. ಎಂಬತ್ತಮೂರು ಸಲ 'ಇದ್ದೇನೆ' ಎಂದವಳ ಫೈಲಿನ ಮೊದಲ ಪುಟದಲ್ಲಿ 'ಪರಿಸರದ ಅರಿವಿಲ್ಲ' ಎಂದು ಬರೆದಿತ್ತು.

ಆ ವಾರ ನಾನು ನಾನಾಗಿರಲಿಲ್ಲ. ಯಾರು ಯಾರನ್ನು ಕರೆದರೂ ಬೆಚ್ಚುತ್ತಿದ್ದೆ. ಓಣಿಯಲ್ಲಿ ತರಕಾರಿಯವನು, ಬಸ್ಸಿನಲ್ಲಿ ಕಂಡಕ್ಟರು, ಎಲ್ಲರೂ ಕರೆದು ಸುಮ್ಮನಾಗುವ ಹಾಗೆ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬಳೇ ಇದ್ದಾಗ ಕಿವಿಯ ಹತ್ತಿರವೇ ಯಾರೋ 'ಓ' ಎಂದಂತಾಗಿ ತಿರುಗಿ ನೋಡಿದೆ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ವಿಜ್ಞಾನ ಓದಿದವಳಿಗೆ ಹೀಗಾಗಬಾರದು, ಆದರೆ ಆಯಿತು.

ಭಾನುವಾರ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಆಕಿ ತಂಗಿಗೆ ಗೊತ್ತೈತೇನು?"

"ಇಲ್ರಿ. ಹಬ್ಬಕ್ಕೊಮ್ಮೆ ಬರ್ತಾಳಂತ. ಏನೂ ಇಲ್ಲ, ಬರೇ ಉಸಿರೈತಿ ಅಂತ ಆಕಿಗೆ ಹೇಳ್ಯಾರ."

"ಹೇಳೂದಿಲ್ಲೇನು?"

"ಹೇಳಿದ್ರ ಅಲ್ಲಿಗೇ ಮುಗಿಯೂದಿಲ್ರಿ."

ಬಿಡಿಸಿ ಹೇಳಿದೆ. ಹಾಸಿಗೆ ಉಳಿದಿರುವುದು ಅವಳು ಕಂಟ್ರೋಲ್ ಎಂಬ ಕಾರಣಕ್ಕೆ. ತಂಗಿಗೆ ಹೇಳಬೇಕೆಂದರೆ ಅಂಕಿ ಫೈಲಿಗೆ ಹೋಗಬೇಕು, ಆಗ ಅವಳು ಕಂಟ್ರೋಲ್ ಆಗಿ ಉಳಿಯುವುದಿಲ್ಲ, ಪರೀಕ್ಷೆ ಹೋದರೆ ಹಾಸಿಗೆಯೂ ಹೋಗುತ್ತದೆ. ಅವರು ಹಿಡಿದ ತುತ್ತನ್ನು ತಟ್ಟೆಗೆ ಇಟ್ಟರು. ಆಮೇಲೆ, "ಆಕಿ ಜಾಗಾದಾಗ ನಾನಾಗಿದ್ರ?" ಎಂದರು. ನಾನು ಮಜ್ಜಿಗೆ ಬಡಿಸಿದೆ.

ಮಾಬೂಬಿಯಿಂದ ನಂಬರು ತೆಗೆದುಕೊಂಡು ತಂಗಿ ರತ್ನವ್ವನಿಗೆ ಫೋನ್ ಮಾಡಿದೆ. ಮಂಗಳವಾರ ಹನ್ನೊಂದಕ್ಕೆ ಬಾ, ರಕ್ತ ತೆಗೆಯುವಾಗ ಅಕ್ಕನ ಹೆಸರು ಕರೆಯಬೇಕು ಎಂದಷ್ಟೇ ಹೇಳಿದೆ. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಂಗಳವಾರ ಅವಳು ಹತ್ತೂವರೆಗೇ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಸೀರೆಯ ನೆರಿಗೆಯಲ್ಲಿ ಹಿಟ್ಟಿನ ಬಿಳಿ. ಡಬ್ಬಿಯ ವೈರನ್ನು ನಾನೇ ಕಿತ್ತಿದ್ದೆ. ಮೊದಲ ರಕ್ತವನ್ನೂ ನಾನೇ ತೆಗೆದೆ. ಕರೆದ ಮೇಲೆ ಹತ್ತು ನಿಮಿಷ ಮಾತಾಡಬಾರದು ಎಂದು ನಿಯಮದಲ್ಲಿದ್ದಂತೆ ಅವಳಿಗೂ ಹೇಳಿದೆ.

"ಸುವ್ವಕ್ಕಾ," ಎಂದಳು ರತ್ನವ್ವ. "ಸುವ್ವಕ್ಕಾ. ಏ ಸುವ್ವಕ್ಕಾ."

ಅರ್ಧ ನಿಮಿಷ ಸುಮ್ಮನಿದ್ದಳು. ಆಮೇಲೆ ಅವಳ ಕೈಲಿ ಆಗಲಿಲ್ಲ.

"ಈ ಸಲ ಜ್ವಾಳ ಚಲೋ ಬಂದಿಲ್ಲ ನೋಡು. ಹಿಟ್ಟಿಗೆ ಜಿಗುಟು ಇಲ್ಲ, ಬಡದ್ರ ಅಂಚು ಹರೀತಾವು. ನೀ ಇದ್ದಿದ್ರ ಬಿಸಿನೀರ ಹಾಕಿ ಹೆಂಗರ ಮಾಡಿ ನಾದತಿದ್ದಿ. ಆ ಹೊಸಾ ಕೆಲಸದ ಹುಡುಗಿ ಐತೆಲ್ಲ, ಬರೇ ಫೋನ್ ನೋಡ್ತೈತಿ, ಹಂಚಿನ ಮ್ಯಾಲೆ ರೊಟ್ಟಿ ಕರ್ರಗಾಗ್ತಾವು. ಬೈಯಾಕ ನೀ ಇಲ್ಲ. ನನ್ನ ಮಾತ ಯಾರ ಕೇಳ್ತಾರ?"

ತಡೆಯಬೇಕಿತ್ತು. ತಡೆಯಲಿಲ್ಲ. ಹತ್ತು ನಿಮಿಷ ಅವಳು ಮಾತಾಡಿದಳು, ನಾನು ಗಡಿಯಾರ ನೋಡುತ್ತ ನಿಂತೆ. ಸುವರ್ಣಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. ರಕ್ತ ತೆಗೆದುಕೊಂಡು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ.

ಕಚ್ಚಾ ಅಂಕಿ ಎಪ್ಪತ್ತೊಂದು ಬಂತು. ನಂಬದೆ ಇನ್ನೊಮ್ಮೆ ಹಾಕಿದೆ. ಎಪ್ಪತ್ತು. ಗುಣಕ ಸೇರಿಸಿದರೆ ಚುಕ್ಕೆ ಚಾರ್ಟಿನ ಮೇಲಿನ ಅಂಚನ್ನೂ ದಾಟಿ ಹೊರಗೆ ಬೀಳುತ್ತಿತ್ತು. ಪರದೆಯ ಮೇಲೆ ಕೆಂಪಕ್ಷರ ಬಂತು: ಕಂಟ್ರೋಲ್ ಮಿತಿ ಮೀರಿದೆ, ಈ ಸುತ್ತನ್ನು ತಿರಸ್ಕರಿಸಿ.

ಹಂಪಿಹೊಳಿ ಡಾಕ್ಟರನ್ನು ಕರೆಸಿ ಎಲ್ಲವನ್ನೂ ತೋರಿಸಿದೆ, ಮೂರು ಮೆಟ್ಟಿಲು, ನನ್ನ ಎರಡು ಸಹಿ, ಫೈಲಿನ ಮೊದಲ ಪುಟ. ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿದರು. ಮುಖ ಸಣ್ಣಗಾಗಿತ್ತು.

"ಮೇಡಂ, ಸಮಾಧಾನ್ಲೆ ಕೇಳ್ರಿ. ಇದನ್ನ ರಿಜೆಕ್ಟ್ ಮಾಡ್ರಿ. ಮಾತಾಡ್ಯಾರ, ನಿಯಮ ಮುರದೈತಿ. ನಾಳೆ ಡಬ್ಬಿ ಹಚ್ಚಿ ಮತ್ತ ಹಾಕ್ರಿ, ಪಾಸ್ ಆಗ್ತದ. ಇನ್ನೊಂದ ವರ್ಷ ಇರಲಿ ಅಂತ ನೋಟ್ ಬರೀರಿ, ನಾ ಸಹ ಹೂಂ ಅಂತೀನಿ. ಆ ಹಾಸಿಗೀನೂ ಉಳೀತದ."

"ಮತ್ತ ಆಕಿ ಫೈಲಿಗೆ ಈ ರಿಸಲ್ಟ್?"

"ಅದನ್ನ ಹಾಕಿದ್ರ ಆಕಿ ರೋಗಿ ಆಗ್ತಾಳ. ರೋಗಿ ಆದಾಕಿ ಕಂಟ್ರೋಲ್ ಆಗಾಕ ಬರೂದಿಲ್ಲ. ಕಂಟ್ರೋಲ್ ಇಲ್ಲಂದ್ರ ಟೆಸ್ಟ್ ಇಲ್ಲ, ಟೆಸ್ಟ್ ಇಲ್ಲಂದ್ರ ಹಾಸಿಗಿ ಇಲ್ಲ. ಇನ್ನೊಬ್ಬರನ್ನ ಹುಡುಕೋಣ ಅಂದ್ರ, ಹುಡುಕಾಕ ಈ ಟೆಸ್ಟ್ ಬೇಕು."

ಅವರು ಹೇಳಿದ್ದರಲ್ಲಿ ದಯೆ ಇತ್ತು, ಅದನ್ನು ಇಲ್ಲ ಎನ್ನಲಾರೆ. ಅವರ ಮಾತು ಕೇಳಿದರೆ ಸುವರ್ಣಾ ಅದೇ ಕಿಟಕಿಯ ಪಕ್ಕದಲ್ಲಿ, ಅದೇ ಬೆಚ್ಚನೆಯ ಹಾಸಿಗೆಯಲ್ಲಿ, ನರ್ಸುಗಳ ಕಣ್ಣಳತೆಯಲ್ಲಿ ಇರುತ್ತಾಳೆ. ತಿಂಗಳಿಗೊಮ್ಮೆ ಡಬ್ಬಿ ಕರೆಯುತ್ತದೆ. ಅವಳು ಹತ್ತೊಂಬತ್ತರಷ್ಟು ಓ ಎನ್ನುತ್ತಾಳೆ. ನಾನು ಗುಣಿಸುತ್ತೇನೆ. ಎರಡು ತಾಸು ಅದನ್ನೇ ಯೋಚಿಸಿದೆ. ಹೇಳಿದರೂ ಪಾಪ, ಹೇಳದಿದ್ದರೂ ಪಾಪ ಎನಿಸಿತು. ಕೊನೆಗೆ ಮೂರು ಗಂಟೆಗೆ ಎಪ್ಪತ್ತೊಂದು ಎಂಬ ಅಂಕಿಯನ್ನು ಅವಳ ಹೆಸರಿನಲ್ಲಿ, ಅವಳ ಫೈಲಿನಲ್ಲಿ ನಮೂದಿಸಿದೆ. ಒಮ್ಮೆ ನಮೂದಿಸಿದ್ದನ್ನು ಅಳಿಸಲು ನಮ್ಮ ಕಂಪ್ಯೂಟರಿನಲ್ಲಿ ದಾರಿಯಿಲ್ಲ.

ಮೀಟಿಂಗಿನಲ್ಲಿ ನನ್ನ ನೋಟ್ ಓದಿದೆ. ಪರೀಕ್ಷೆ ಉಳಿಯಬೇಕು, ಅದರಲ್ಲಿ ತಪ್ಪಿಲ್ಲ, ಅದು ಹೇಳಿದ್ದನ್ನು ಓದದೆ ಬಿಟ್ಟವರು ನಾವು ಎಂದು ಬರೆದಿದ್ದೆ. ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕಂಟ್ರೋಲ್ ಇಲ್ಲದ ಪರೀಕ್ಷೆಯನ್ನು ನಡೆಸಲು ಬರುವುದಿಲ್ಲ ಎಂದರು, ನನ್ನನ್ನು ಬಿಟ್ಟು ನಾಲ್ವರೂ ಕೈಯೆತ್ತಿದರು. ಹಂಪಿಹೊಳಿ ಕೈಯೆತ್ತುವಾಗ ನನ್ನ ಕಡೆ ನೋಡಲಿಲ್ಲ. ಹಾಸಿಗೆಗೆ ತಿಂಗಳ ಕೊನೆಯವರೆಗೆ ಅವಕಾಶ ಕೊಟ್ಟರು. ಭಜಿ ಯಾರೂ ಮುಟ್ಟಲಿಲ್ಲ.

ರತ್ನವ್ವ ಇನ್ನೂ ವಾರ್ಡಿನಲ್ಲೇ ಇದ್ದಳು. ಅಕ್ಕನ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಅವಳ ಎದುರು ಸ್ಟೂಲ್ ಎಳೆದುಕೊಂಡು ಕೂತೆ. ಸುತ್ತಿ ಬಳಸಿ ಹೇಳುವ ಧೈರ್ಯವೂ ಇರಲಿಲ್ಲ.

"ರತ್ನವ್ವಾ, ನಿಮ್ಮಕ್ಕಗ ಕೇಳಿಸ್ತೈತವಾ. ಕರದದ್ದು ತನ್ನನ್ನ ಅಂತ ಆಕಿಗೆ ತಿಳೀತೈತಿ. ಏಳು ವರ್ಷದಿಂದ ನಮಗ ಗೊತ್ತಾಗಬೇಕಿತ್ತು, ನಾವು ನೋಡ್ಲಿಲ್ಲ."

ಕತ್ತರಿಸುವ ಕೈ ನಿಂತಿತು. ಚಾರ್ಟು, ಗುಣಕ, ತಾಯಿ, ಡಬ್ಬಿ, ಹಾಸಿಗೆ, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಹಾಸಿಗೆಯ ಬಗ್ಗೆ ಮಾತ್ರ, "ಅದೇನ್ ಬಿಡ್ರಿ, ನಮ್ಮ ರೊಟ್ಟಿ ಬಡಿಯೋ ಕೋಣ್ಯಾಗ ಜಾಗ ಐತಿ, ಇಡೀ ದಿನ ಹತ್ತ ಮಂದಿ ಒದರತಿರ್ತೀವಿ," ಎಂದಳು. ಆಮೇಲೆ ಕೇಳಿದಳು.

"ಎಷ್ಟ ಸಲ ಕರದ್ರಿ ಅಂದ್ರಿ?"

"ಇವತ್ತಿಂದು ಹಿಡದ ಎಂಬತ್ನಾಕು."

"ಅಷ್ಟೂ ಸಲ ಓ ಅಂದ್ಲು?"

"ಹೂಂ."

"ಆಕಿ ಓ ಅಂದ ಮ್ಯಾಲೆ ನೀವೇನಂದ್ರಿ?"

ನನಗೆ ಮೊದಲು ಪ್ರಶ್ನೆಯೇ ತಿಳಿಯಲಿಲ್ಲ.

"ಏನೂ ಅನ್ಲಿಲ್ಲವಾ. ಮಾತಾಡಬಾರದಂತ ನಾನ ನಿಯಮ ಮಾಡಿದ್ದೆ."

"ಕರದ್ರಿ. ಆಕಿ ಓ ಅಂದ್ಲು. ಯಾಕ ಕರದ್ವಿ ಅಂತ ಹೇಳ್ಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಮಗುವಿಗೆ ಬಿಡಿಸಿ ಹೇಳುವಂತಿತ್ತು. ಉಗುರು ಕತ್ತರಿಯನ್ನು ಚೀಲದಲ್ಲಿಟ್ಟು, ಎದ್ದು, ಅಕ್ಕನ ತಲೆದಿಂಬನ್ನು ಸರಿಪಡಿಸಿದಳು. ಮುಖದ ಹತ್ತಿರ ಬಾಗಿದಳು.

"ಸುವ್ವಕ್ಕಾ. ಇಲ್ಲೆ ಲ್ಯಾಬಿನ ಬಾಯಾರ ಬಂದಾರ. ತಿಂಗಳಾ ತಿಂಗಳಾ ನಿನ್ನ ಕರಿಯಾಕತ್ತಿದ್ದು ಇವರ."

ಆಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. "ಹೇಳ್ರಿ," ಎಂದಳು.

ಹತ್ತಿರ ಹೋದೆ. ಅರ್ಧ ತೆರೆದ ಆ ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ, ಬೇರೆ ಏನನ್ನೂ ನೋಡುತ್ತಿರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ಈ ಲೋಕದಲ್ಲಿ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ನನಗೆ. ಇನ್ನು ಅದನ್ನು ಅಳೆಯುವ ಪರೀಕ್ಷೆಯೂ ಇರಲಿಲ್ಲ. ನನ್ನ ಹೆಸರು ಕಸ್ತೂರಿ ಎಂದೆ. ಅಷ್ಟು ಹೇಳಿ, ಯಾಕೆ ಕರೆದೆ ಎಂದು ಹೇಳಲು ಮಾತು ಹುಡುಕುತ್ತ ನಿಂತೆ.